ಮೂರನೆಯ ಸಿಲಿಂಡರಿನ ಮೌನ

ನಮ್ಮ ಗ್ಯಾರೇಜುಗಳ ಕನ್ನಡದಲ್ಲಿ ಒಂದು ಮಾತು ಬಳಕೆಯಲ್ಲಿದೆ: ‘ಗಾಡಿ ಮಿಸ್ಸಿಂಗ್ ಹೊಡೀತೈತಿ.’ ಇಲ್ಲಿನ ನಾಮಪದ ಇಂಗ್ಲಿಷಿನದಾದರೂ ಕ್ರಿಯಾಪದ ಅಪ್ಪಟ ಕನ್ನಡದ್ದು. ಬಿಸಿಲು ಹೊಡೆಯುತ್ತದೆ, ವಾಸನೆ ಹೊಡೆಯುತ್ತದೆ. ಹೊರಗಿನಿಂದ ಬಂದು ನಮ್ಮ ಇಂದ್ರಿಯಗಳ ಮೇಲೆ ಎರಗುವುದನ್ನು ಕನ್ನಡವು ‘ಹೊಡೆ’ ಎಂಬ ಧಾತುವಿನಿಂದ ಸೂಚಿಸುತ್ತದೆ. ಆದರೆ ‘ಮಿಸ್ಸಿಂಗ್’ ಎಂದರೆ ಇಲ್ಲದಿರುವಿಕೆ. ಇಲ್ಲದ್ದು ಬಂದು ಹೊಡೆಯುವುದಾದರೂ ಹೇಗೆ? ಎಂಜಿನ್ನಿನೊಳಗೆ ಆಗಬೇಕಾದ ದಹನವೊಂದು ಆಗದೆ ಹೋದಾಗ, ಆ ಆಗದಿರುವಿಕೆಯೇ ಸ್ಟೇರಿಂಗ್ ಹಿಡಿದ ಕೈಗೂ ಸೀಟಿಗೆ ಒರಗಿದ ಬೆನ್ನಿಗೂ ನಡುಕವಾಗಿ ತಟ್ಟುತ್ತದೆ. ಮೇಸ್ತ್ರಿಗಳ ಈ ಮಾತು ಎಷ್ಟು ಖಚಿತವಾದುದು ಎಂಬುದನ್ನು ಬಂಧುಗಳು ಗಮನಿಸಬೇಕು.

ಈ ಮಾತಿನ ಪೂರ್ಣಾರ್ಥ ತಿಳಿಯಬೇಕಾದರೆ ಎಂಜಿನ್ನಿನ ಲಯವನ್ನು ಸ್ವಲ್ಪ ಅರಿತುಕೊಳ್ಳಬೇಕು. ಜರ್ಮನಿಯ ನಿಕೋಲಸ್ ಆಟೊ 1876ರಲ್ಲಿ ನಡೆಸಿ ತೋರಿಸಿದ ನಾಲ್ಕು ಹೊಡೆತಗಳ ಕ್ರಮವೇ ಇಂದಿಗೂ ಪೆಟ್ರೋಲ್ ಮತ್ತು ಸಿಎನ್‌ಜಿ ವಾಹನಗಳಲ್ಲಿ ನಡೆದುಬಂದಿದೆ. ಇಂಧನ ಬೆರೆತ ಗಾಳಿಯನ್ನು ಒಳಗೆ ಎಳೆದುಕೊಳ್ಳುವುದು, ಅದನ್ನು ಒತ್ತಿ ಕುಗ್ಗಿಸುವುದು, ಕಿಡಿ ತಾಗಿಸಿ ಉರಿಸುವುದು, ಉರಿದುಳಿದ ಹೊಗೆಯನ್ನು ಹೊರದೂಡುವುದು. ಈ ನಾಲ್ಕೂ ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗಿರುತ್ತದೆ. ನಿಂತಲ್ಲಿ ಸದ್ದುಮಾಡುತ್ತಿರುವ ಎಂಜಿನ್ನು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡರೆ, ಒಂದೊಂದು ಸಿಲಿಂಡರಿನಲ್ಲಿಯೂ ನಿಮಿಷಕ್ಕೆ 400 ಬಾರಿ ದಹನ ನಡೆಯಬೇಕು. ನಾಲ್ಕು ಸಿಲಿಂಡರಿಗೆ ಅದು 1600 ಆಯಿತು. ಇವು ಸಮ ಅಂತರದಲ್ಲಿ ನಡೆದರೆ ನಮ್ಮ ಕಿವಿಗೆ ಒಂದೇ ಗುಂಯ್‌ಗುಡುವಿಕೆ ಕೇಳುತ್ತದೆ. ನಾಲ್ಕರಲ್ಲಿ ಒಂದು ಮೌನವಾದರೆ ಮೂರು ಹೆಜ್ಜೆ ಇಟ್ಟು ನಾಲ್ಕನೆಯದಕ್ಕೆ ಎಡವುವ ಮನುಷ್ಯನಂತೆ ವಾಹನ ಕುಂಟತೊಡಗುತ್ತದೆ.

ಇಷ್ಟನ್ನೆಲ್ಲ ನಾನು ಅರಿತುಕೊಳ್ಳುವ ಪ್ರಸಂಗ ಒದಗಿದ್ದು ನಮ್ಮ ಕಾಕಾ ಅವರ ಪಿಕಪ್ ವಾಹನದಿಂದ. ಅವರು ಕಲಘಟಗಿ ತಾಲ್ಲೂಕಿನ ಹಳ್ಳಿಗಳಿಂದ ಕಾಯಿಪಲ್ಲೆಯನ್ನು ತುಂಬಿಕೊಂಡು ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಗೆ ಮುಟ್ಟಿಸುವವರು. ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲಿಯೂ ಓಡುವ ನಾಲ್ಕು ಸಿಲಿಂಡರಿನ ಆ ವಾಹನವನ್ನು ಸಾಲ ತೆಗೆದು ಕೊಂಡಿದ್ದಾರೆ. ನಸುಕಿನ ಹರಾಜಿಗೆ ಮುನ್ನ ಮಾಲು ಮುಟ್ಟಬೇಕು; ತಡವಾದರೆ ಟೊಮೆಟೊ, ಬದನೆ, ಕೊತ್ತಂಬರಿಗಳ ಬೆಲೆ ಕಣ್ಣೆದುರೇ ಇಳಿಯುತ್ತದೆ. ನಷ್ಟವಾಗುವುದು ಅವರೊಬ್ಬರಿಗೆ ಮಾತ್ರವಲ್ಲ, ಅವರ ಗಾಡಿಯನ್ನು ನೆಚ್ಚಿ ಹೊಲದಲ್ಲಿ ಬುಟ್ಟಿ ತುಂಬಿಟ್ಟ ಏಳೆಂಟು ಮನೆಗಳವರಿಗೆ. ಹೀಗಿರುವಲ್ಲಿ ಆ ವಾಹನ ಮಿಸ್ಸಿಂಗ್ ಹೊಡೆಯತೊಡಗಿತು.

ಎರಡು ತಿಂಗಳಲ್ಲಿ ಕಾಕಾ ಮೂರು ಗ್ಯಾರೇಜುಗಳ ಮೆಟ್ಟಿಲು ಹತ್ತಿದರು. ಮೊದಲನೆಯವರು ನಾಲ್ಕೂ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಿಸಿದರು. ನಾಲ್ಕು ದಿನ ಸರಿಯೆನಿಸಿ ಮತ್ತೆ ಅದೇ ನಡುಕ. ಎರಡನೆಯವರು ಕಂಪ್ಯೂಟರ್ ಜೋಡಿಸಿ ನೋಡಿ, ಮೂರನೆಯ ಸಿಲಿಂಡರಿನಲ್ಲಿ ದೋಷವಿದೆಯೆಂದು ಅದರ ಇಗ್ನಿಷನ್ ಕಾಯಿಲ್ ಬದಲಿಸಿದರು, ಇಂಜೆಕ್ಟರುಗಳನ್ನು ತೊಳೆದರು, ಗ್ಯಾಸಿನ ಫಿಲ್ಟರ್ ಹೊಸದು ಹಾಕಿದರು. ಬೆಳಗ್ಗೆ ಅಂಗಡಿ ತೆರೆದೊಡನೆ ಕಂಪ್ರೆಷನ್ನನ್ನೂ ಅಳೆದು, ಅದು ಸರಿಯಾಗಿಯೇ ಇದೆಯೆಂದರು. ಮೂರನೆಯವರು ಎಂಜಿನ್ನನ್ನು ಪೂರ್ತಿ ಬಿಚ್ಚದೆ ಏನನ್ನೂ ಹೇಳಲಾಗದೆಂದು ಕೈಚೆಲ್ಲಿದರು. ಅಷ್ಟು ಹೊತ್ತಿಗೆ ಖರ್ಚು 18 ಸಾವಿರ ರೂಪಾಯಿ ದಾಟಿತ್ತು. ಸಾಲದ ಕಂತು ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ಗಾಡಿಯನ್ನು ಬಂದಷ್ಟಕ್ಕೆ ಮಾರಿಬಿಡುವ ಮಾತನ್ನು ಕಾಕಾ ಮನೆಯಲ್ಲಿ ಆಡಿದ್ದು ಆಗಲೇ.

ಇಲ್ಲಿ ಯಾರ ಪ್ರಾಮಾಣಿಕತೆಯನ್ನೂ ಶಂಕಿಸಬೇಕಾಗಿಲ್ಲ. ಪ್ಲಗ್ಗನ್ನು ಸಂಶಯಿಸಿದ್ದಕ್ಕೆ ಕಾರಣವಿತ್ತು. ಸಿಎನ್‌ಜಿಯ ಮುಖ್ಯಾಂಶವಾದ ಮೀಥೇನ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ. ಅದಕ್ಕೆ ಹೆಚ್ಚಿನ ವೋಲ್ಟೇಜಿನ ಬಲವಾದ ಕಿಡಿ ಬೇಕು. ಆದಕಾರಣ ಪೆಟ್ರೋಲಿನಲ್ಲಿ ತಡೆದುಕೊಳ್ಳುವ ಸವೆದ ಪ್ಲಗ್ಗು ಗ್ಯಾಸಿನಲ್ಲಿ ಬೇಗ ಸೋಲುತ್ತದೆ. ಕಾಯಿಲ್ ಕೆಡುವುದೂ ಸಾಮಾನ್ಯವೇ. ಆದರೆ ಒಂದೊಂದು ಬಿಡಿಭಾಗವನ್ನು ಬದಲಿಸುವುದು ಒಂದೊಂದು ಊಹೆಯನ್ನು ಹಣ ಕೊಟ್ಟು ಕೊಂಡಂತೆ. ಊಹೆ ಫಲಿಸದಿದ್ದಾಗ ನಮಗೆ ಉಳಿಯುವುದು ಹೊಸ ಬಿಡಿಭಾಗವೇ ಹೊರತು ಹೊಸ ತಿಳಿವಳಿಕೆಯಲ್ಲ. ನಿದಾನವೆಂದರೆ ಬೇರೆ. ಉತ್ತರ ಯಾವುದೇ ಬಂದರೂ ಒಂದು ಕಾರಣವಾದರೂ ಪಟ್ಟಿಯಿಂದ ಅಳಿಸಿಹೋಗುವಂತೆ ಪ್ರಶ್ನೆ ಕೇಳುವುದು ನಿದಾನ. ವೈದ್ಯಶಾಸ್ತ್ರದಲ್ಲಿ ‘ನಿದಾನ’ ಎಂಬ ಸಂಸ್ಕೃತ ಶಬ್ದಕ್ಕೆ ರೋಗದ ಮೂಲಕಾರಣ ಎಂದರ್ಥ. ನಮ್ಮ ಆಡುಮಾತಿನ ‘ನಿಧಾನ’ ಎಂದರೆ ಅವಸರವಿಲ್ಲದ ನಡೆ. ಬೇರೆ ಬೇರೆಯಾದ ಈ ಎರಡು ಪದಗಳು ಗ್ಯಾರೇಜಿನಲ್ಲಿ ಒಂದರ ಕೈಯನ್ನೊಂದು ಹಿಡಿದೇ ನಡೆಯಬೇಕಾಗುತ್ತದೆ.

ಕಂಪ್ಯೂಟರಿನ ಮಾತನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾದ ‘ಒಬಿಡಿ-2’ ಎಂಬ ವ್ಯವಸ್ಥೆ ಈಗ ನಮ್ಮ ವಾಹನಗಳಲ್ಲಿಯೂ ಇದೆ. ಅದರ ಸಂಕೇತಗಳಲ್ಲಿ ‘ಪಿ0300’ ಎಂದರೆ ಗೊತ್ತಾದ ನೆಲೆಯಿಲ್ಲದ ಮಿಸ್ಸಿಂಗ್. ‘ಪಿ0301’ ಎಂದರೆ ಮೊದಲನೆಯ ಸಿಲಿಂಡರಿನದು, ‘ಪಿ0303’ ಎಂದರೆ ಮೂರನೆಯದರದು. ಇದನ್ನು ಕಂಪ್ಯೂಟರು ಹೇಗೆ ತಿಳಿಯುತ್ತದೆ? ಪ್ರತಿ ದಹನವೂ ಕ್ರ್ಯಾಂಕ್ ದಂಡವನ್ನು ಒಂದಿಷ್ಟು ಮುಂದಕ್ಕೆ ತಳ್ಳುತ್ತದೆ. ಅದರೊಡನೆ ತಿರುಗುವ ಹಲ್ಲಿನ ಚಕ್ರವನ್ನು ಒಂದು ಸಂವೇದಕ ಎಣಿಸುತ್ತಿರುತ್ತದೆ. ಯಾವ ಸಿಲಿಂಡರಿನ ಸರದಿಯಲ್ಲಿ ಹಲ್ಲುಗಳು ಕ್ಷಣದ ಅತ್ಯಲ್ಪ ಭಾಗದಷ್ಟು ತಡವಾಗಿ ಬಂದವೋ ಅದರ ಹೆಸರನ್ನು ಅದು ಬರೆದಿಡುತ್ತದೆ. ಅಂದರೆ ಕಂಪ್ಯೂಟರು ಹೇಳುವುದು ಯಾರು ಕೆಲಸಕ್ಕೆ ಬರಲಿಲ್ಲ ಎಂಬುದನ್ನಷ್ಟೇ. ಏಕೆ ಬರಲಿಲ್ಲ ಎಂಬುದು ಅದಕ್ಕೆ ಗೊತ್ತಿಲ್ಲ. ಹಾಜರಿ ಪುಸ್ತಕವನ್ನು ಓದಿ ಔಷಧ ಬರೆದುಕೊಟ್ಟರೆ ರೋಗ ವಾಸಿಯಾಗುವುದೆ?

ನಾಲ್ಕನೆಯ ಬಾರಿ ಕಾಕಾ ಹೋದದ್ದು ಹುಬ್ಬಳ್ಳಿಯಲ್ಲಿರುವ ಒಬ್ಬ ವೃದ್ಧ ಮೇಸ್ತ್ರಿಯವರಲ್ಲಿಗೆ. ಅಂದು ನಾನೂ ಜೊತೆಯಲ್ಲಿದ್ದೆ. ಆ ಹಿರಿಯರು ಬಾನೆಟ್ಟಿಗೆ ಕೈಹಾಕದೆ ಮೊದಲು ಒಂದು ಸ್ಟೂಲನ್ನು ಕಾಕಾ ಅವರ ಮುಂದೆ ಎಳೆದುಕೊಂಡು ಕುಳಿತರು.

“ಯಾವಾಗ ಹೊಡಿತೈತ್ರಿ ಯಜಮಾನ್ರ? ನಸಿಕಿನ್ಯಾಗೊ, ಬಿಸಲ ಏರಿದ ಮ್ಯಾಲೊ?”

“ನಸಿಕಿನ್ಯಾಗ ಏನೂ ಇಲ್ರಿ. ಮಾರ್ಕೆಟ್ ಮುಟ್ಟಿ ಗೇಟಿನ ಮುಂದ ಸಾಲಿಗೆ ನಿಂತಾಗ ನಡಗಾಕ ಹತ್ತತೈತಿ. ರೇಸ್ ಕೊಟ್ರ ನಿಂದರತೈತಿ.”

“ಗ್ಯಾಸಿನ್ಯಾಗ ಅಷ್ಟನೊ, ಪೆಟ್ರೋಲಿನ್ಯಾಗೂ ಹೊಡಿತೈತೊ?”

“ಎರಡರಾಗೂ ಹೊಡಿತೈತ್ರಿ.”

“ಇದನ್ನ ಮೊದಲ ಯಾರಿಗೂ ಹೇಳಲಿಲ್ಲೇನ್ರಿ?”

“ಯಾರೂ ಕೇಳಲೇ ಇಲ್ರಿ,” ಎಂದರು ಕಾಕಾ.

ಈ ಐದು ನಿಮಿಷದ ಸಂಭಾಷಣೆಯಲ್ಲಿ ಎಷ್ಟು ಅರ್ಥ ಅಡಗಿದೆ ಎಂಬುದನ್ನು ಬಿಡಿಸಿ ನೋಡೋಣ. ದಹನಕ್ಕೆ ಬೇಕಾದವು ಮೂರು: ಸರಿಯಾದ ಇಂಧನಮಿಶ್ರಣ, ಸಕಾಲದ ಕಿಡಿ, ತಕ್ಕ ಒತ್ತಡ. ಪೆಟ್ರೋಲಿಗೆ ಒಂದು ಇಂಜೆಕ್ಟರ್, ಗ್ಯಾಸಿಗೆ ಇನ್ನೊಂದು ಇಂಜೆಕ್ಟರ್. ಟ್ಯಾಂಕು, ಕೊಳವೆ, ಫಿಲ್ಟರುಗಳೂ ಬೇರೆ ಬೇರೆ. ಮೂರನೆಯ ಸಿಲಿಂಡರಿನ ಎರಡೂ ಇಂಜೆಕ್ಟರುಗಳು ಒಂದೇ ದಿನ ಒಂದೇ ರೀತಿಯಲ್ಲಿ ಕೆಡುವುದು ಬಹುಮಟ್ಟಿಗೆ ಅಸಂಭವ. ಎರಡರಲ್ಲಿಯೂ ಮಿಸ್ಸಿಂಗ್ ಇದೆಯೆಂದ ಮೇಲೆ, ಎರಡಕ್ಕೂ ಸಮಾನವಾದದ್ದರಲ್ಲಿಯೇ ದೋಷವನ್ನು ಹುಡುಕಬೇಕು. ಹಾಗೆ ಸಮಾನವಾದವು ಕಿಡಿ, ಒತ್ತಡ ಮತ್ತು ಒಳಬರುವ ಗಾಳಿ. ಒಂದು ರೂಪಾಯಿಯ ಖರ್ಚಿಲ್ಲದೆ, ಡ್ಯಾಶ್‌ಬೋರ್ಡಿನ ಒಂದು ಗುಂಡಿಯಿಂದ ಪಟ್ಟಿಯ ಮೂರನೆಯ ಒಂದು ಭಾಗ ಅಳಿಸಿಹೋಯಿತು.

ಉಳಿದುದನ್ನು ಅವರು ಇದೇ ರೀತಿ ಅಳಿಸುತ್ತ ಹೋದರು. ಮೂರನೆಯ ಸಿಲಿಂಡರಿನ ಕಾಯಿಲನ್ನು ಮೊದಲನೆಯದಕ್ಕೂ, ಅದರ ಪ್ಲಗ್ಗನ್ನು ಎರಡನೆಯದಕ್ಕೂ ಅದಲುಬದಲು ಮಾಡಿ, ಹಳೆಯ ಸಂಕೇತವನ್ನು ಅಳಿಸಿ, ಧಾರವಾಡದ ದಾರಿಯಲ್ಲಿ ಗಾಡಿಯನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ತಂದರು. ದೋಷ ಕಾಯಿಲಿನದಾಗಿದ್ದರೆ ಸಂಕೇತವು ‘ಪಿ0301’ ಆಗುತ್ತಿತ್ತು, ಪ್ಲಗ್ಗಿನದಾಗಿದ್ದರೆ ‘ಪಿ0302’. ಬಂದದ್ದು ಮತ್ತೆ ‘ಪಿ0303’. ಹೊಸದಾಗಿ ಹಾಕಿಸಿದ ಭಾಗವೆಂಬ ಕಾರಣಕ್ಕೆ ಅದನ್ನು ಪರೀಕ್ಷೆಯಿಂದ ಬಿಡಲಿಲ್ಲ ಎಂಬುದು ಗಮನಾರ್ಹ. ಅನಂತರ ಮೂರನೆಯ ಕಾಯಿಲಿಗೆ ಪರೀಕ್ಷಾ ಪ್ಲಗ್ ಜೋಡಿಸಿ ನೋಡಿದಾಗ ಕಿಡಿ ನೀಲಿಯಾಗಿ ಬಲವಾಗಿ ಹಾರುತ್ತಿತ್ತು. ಕಿಡಿಯ ಬಾಬತ್ತು ಅಲ್ಲಿಗೆ ಮುಗಿಯಿತು.

‘ರೇಸ್ ಕೊಟ್ಟರೆ ನಿಲ್ಲುತ್ತದೆ’ ಎಂಬ ಮಾತಿಗೆ ಈಗ ಎರಡೇ ಅರ್ಥ ಉಳಿದಿದ್ದವು. ಒಳಗಾಳಿಯ ಮ್ಯಾನಿಫೋಲ್ಡ್ ಕೂಡುವಲ್ಲಿ ಬಿರುಕಿದ್ದು ಅಲ್ಲಿಂದ ಹೆಚ್ಚುವರಿ ಗಾಳಿ ನುಗ್ಗುತ್ತಿರಬಹುದು; ಅಥವಾ ವಾಲ್ವೊಂದು ಸರಿಯಾಗಿ ಮುಚ್ಚದೆ ಒತ್ತಡ ಸೋರುತ್ತಿರಬಹುದು. ಎರಡೂ ಸಣ್ಣ ಸೋರಿಕೆಗಳೇ. ಎಂಜಿನ್ ನಿಧಾನವಾಗಿ ತಿರುಗುವಾಗ ಸೋರುವುದಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ವೇಗ ಹೆಚ್ಚಿದಾಗ ಸೋರಿಹೋಗುವ ಮುನ್ನವೇ ದಹನ ನಡೆದುಬಿಡುತ್ತದೆ. ಮೇಸ್ತ್ರಿಯವರು ಮ್ಯಾನಿಫೋಲ್ಡಿನ ಕೂಡುಗಳಿಗೆ ಸಾಬೂನಿನ ನೀರನ್ನು ಸಿಂಪಡಿಸಿ ಕಿವಿಗೊಟ್ಟರು. ಅಲ್ಲಿ ಬಿರುಕಿದ್ದರೆ ನೀರು ಅದನ್ನು ಕ್ಷಣಕಾಲ ಮುಚ್ಚಿ ಸದ್ದಿನಲ್ಲಿ ವ್ಯತ್ಯಾಸವಾಗಬೇಕು. ಆಗಲಿಲ್ಲ.

ಇನ್ನು ಉಳಿದದ್ದು ಒತ್ತಡ. ಅದನ್ನು ಎರಡನೆಯ ಗ್ಯಾರೇಜಿನವರು ಅಳೆದು ಸರಿಯಿದೆಯೆಂದಿದ್ದರಷ್ಟೆ? ಅವರ ಅಳತೆಯಲ್ಲಿ ಸುಳ್ಳಿರಲಿಲ್ಲ. ಆದರೆ ಅವರು ಅಳೆದದ್ದು ಬೆಳಗಿನ ತಣ್ಣನೆಯ ಎಂಜಿನ್ನನ್ನು. ಕಂಪ್ರೆಷನ್ನನ್ನು ಎಂಜಿನ್ ಬಿಸಿಯಾಗಿರುವಾಗಲೇ ನೋಡಬೇಕೆಂಬುದು ಈ ಕಾಯಕದ ಹಳೆಯ ನಿಯಮ. ಕಾಕಾ ಅವರ ಗಾಡಿಯ ದೋಷವಂತೂ ಬಿಸಿಯಾದಾಗ ಮಾತ್ರ ಬರುವಂಥದು. ಓಡಿಸಿ ತಂದ ಬಿಸಿಯಲ್ಲಿಯೇ ನಾಲ್ಕೂ ಪ್ಲಗ್ಗು ಬಿಚ್ಚಿ ಗೇಜ್ ಇಟ್ಟಾಗ ಬಂದ ಅಂಕಿಗಳು, ಮೇಸ್ತ್ರಿಗಳ ಲೆಕ್ಕದ ‘ಕೆಜಿ’ಯಲ್ಲಿ, ಹೀಗಿದ್ದವು: ಮೊದಲನೆಯದು 12, ಎರಡನೆಯದು 12, ಮೂರನೆಯದು 7, ನಾಲ್ಕನೆಯದು ಹನ್ನೊಂದೂವರೆ. ಸರಿಯಾದ ಪ್ರಶ್ನೆಯನ್ನು ತಪ್ಪು ವೇಳೆಯಲ್ಲಿ ಕೇಳಿದರೆ ಬರುವ ಉತ್ತರ ನಿಜವೂ ಆಗಿರುತ್ತದೆ, ನಿರುಪಯುಕ್ತವೂ ಆಗಿರುತ್ತದೆ.

ಒತ್ತಡ ಸೋರುತ್ತಿದೆ, ಸರಿ. ಆದರೆ ಎಲ್ಲಿಂದ? ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚದಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರು. ಪಿಸ್ಟನ್ನಿನ ರಿಂಗುಗಳು ಸವೆದಿದ್ದರೆ ಆಯಿಲು ಆ ಸಂದನ್ನು ತುಂಬಿ ಅಂಕಿ ಮೇಲೇರಬೇಕು. ಅದು 7ನ್ನು ಬಿಟ್ಟು ಕದಲಲಿಲ್ಲ. ಬಳಿಕ ಮೂರನೆಯ ಪಿಸ್ಟನ್ನನ್ನು ಒತ್ತುವ ಹೊಡೆತದ ತುತ್ತತುದಿಗೆ ತಂದು, ಎರಡೂ ವಾಲ್ವುಗಳು ಮುಚ್ಚಿರಬೇಕಾದ ಆ ಸ್ಥಿತಿಯಲ್ಲಿ, ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನಿಂದ ಪ್ಲಗ್ಗಿನ ರಂಧ್ರದ ಮೂಲಕ ಗಾಳಿ ಬಿಟ್ಟರು. ಈ ಪರೀಕ್ಷೆಯ ಸೊಗಸೆಂದರೆ, ಗಾಳಿ ಎಲ್ಲಿ ಹೊರಬರುತ್ತದೆಯೋ ಅದೇ ಉತ್ತರ. ಆಯಿಲ್ ತುಂಬುವ ಬಾಯಿಯಲ್ಲಿ ಸದ್ದು ಕೇಳಿದರೆ ರಿಂಗು. ಏರ್ ಫಿಲ್ಟರಿನ ಕಡೆ ಕೇಳಿದರೆ ಒಳವಾಲ್ವು. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ಟು. ಸೈಲೆನ್ಸರಿನ ಕೊಳವೆಯಲ್ಲಿ ಕೇಳಿದರೆ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವು. ಮೇಸ್ತ್ರಿಯವರು ಕಾಕಾ ಅವರನ್ನೇ ಗಾಡಿಯ ಹಿಂಬದಿಗೆ ಕರೆದು ಕಿವಿಗೊಡಲು ಹೇಳಿದರು. ಸೈಲೆನ್ಸರಿನ ಬಾಯಿಂದ ಸಣ್ಣಗೆ, ಒಂದೇ ಸಮನೆ ಸುಯ್ಯೆಂಬ ಸದ್ದು ಬರುತ್ತಿತ್ತು. ಎರಡು ತಿಂಗಳು ಹಣ ಸುರಿದು ಕೇಳದಿದ್ದುದನ್ನು ಕಾಕಾ ತಮ್ಮ ಕಿವಿಯಿಂದಲೇ ಕೇಳಿದರು.

ವಾಲ್ವು ಮುಚ್ಚದಿರುವುದಕ್ಕೆ ಕಾರಣವೇನು? ಇದರ ವಿವರಣೆಯೇ ನನಗೆ ಅತ್ಯಂತ ಸ್ವಾರಸ್ಯಕರವಾಗಿ ಕಂಡಿತು. ವಾಲ್ವನ್ನು ತಳ್ಳುವ ಭಾಗಕ್ಕೂ ವಾಲ್ವಿನ ತುದಿಗೂ ನಡುವೆ ಒಂದು ಸೂಕ್ಷ್ಮವಾದ ಅಂತರ ಇರಲೇಬೇಕು. ಮೇಸ್ತ್ರಿಗಳು ಇದನ್ನು ಟ್ಯಾಪೆಟ್ ಗ್ಯಾಪ್ ಎನ್ನುತ್ತಾರೆ. ಎಕ್ಸಾಸ್ಟ್ ವಾಲ್ವು ನೂರಾರು ಡಿಗ್ರಿಯ ಬೆಂಕಿಯಲ್ಲಿ ಕೆಲಸ ಮಾಡುವಂಥದು. ಕಾದಾಗ ಅದರ ದಂಡ ಉದ್ದವಾಗುತ್ತದೆ. ಹಾಗೆ ಉದ್ದವಾಗಲು ಜಾಗ ಕೊಡುವುದೇ ಆ ಅಂತರದ ಕೆಲಸ. ಅಂಚೆ ಕಾರ್ಡಿನ ದಪ್ಪದಷ್ಟು ಬರಿದಾದ ಜಾಗ ಅದು. ಅದು ಇಲ್ಲವಾದರೆ, ಕಾದು ಬೆಳೆದ ವಾಲ್ವು ತನ್ನ ಸೀಟಿನ ಮೇಲೆ ಪೂರ್ತಿ ಕೂರಲಾರದೆ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ. ತಣ್ಣಗಾದಾಗ ಮತ್ತೆ ಕುಗ್ಗಿ ಸರಿಯಾಗಿ ಮುಚ್ಚುತ್ತದೆ. ನಸುಕಿನಲ್ಲಿ ಗಾಡಿ ನೆಟ್ಟಗಿದ್ದು ಮಾರುಕಟ್ಟೆಯ ಗೇಟಿನಲ್ಲಿ ನಡುಗುತ್ತಿದ್ದುದರ ಗುಟ್ಟು ಇದೇ.

ಅಂತರ ಏಕೆ ಕಡಮೆಯಾಯಿತು? ಪೆಟ್ರೋಲು ದ್ರವರೂಪದಲ್ಲಿ ಒಳಬರುವಾಗ ಒಂದಿಷ್ಟು ತಂಪನ್ನೂ ನುಣುಪನ್ನೂ ತರುತ್ತದೆ. ಗ್ಯಾಸು ಒಣಗಿದ್ದು, ಆ ಉಪಕಾರ ಅದರಿಂದಿಲ್ಲ. ಆದ್ದರಿಂದ ಗ್ಯಾಸಿನಲ್ಲಿಯೇ ಹೆಚ್ಚಾಗಿ ಓಡುವ ಎಂಜಿನ್ನಿನಲ್ಲಿ ವಾಲ್ವಿನ ಸೀಟು ಬೇಗ ಸವೆಯುತ್ತದೆ. ಸೀಟು ಸವೆದಂತೆ ವಾಲ್ವು ಒಳಕ್ಕೆ ಇಳಿಯುತ್ತದೆ, ಅದರ ತುದಿ ಮೇಲಕ್ಕೇರುತ್ತದೆ, ಅಂತರ ತಿಂದುಹೋಗುತ್ತದೆ. ಅಂತರವನ್ನು ತಾನೇ ಹೊಂದಿಸಿಕೊಳ್ಳುವ ಎಂಜಿನ್ನುಗಳೂ ಇವೆ. ಕಾಕಾ ಅವರದು ಕೈಯಿಂದ ಹೊಂದಿಸಬೇಕಾದ ಬಗೆಯದು. ರಾತ್ರಿಯಿಡೀ ತಣಿಯಲು ಬಿಟ್ಟು ಮರುದಿನ ಬೆಳಗ್ಗೆ ಫೀಲರ್ ಗೇಜಿನಿಂದ ಅಳೆದಾಗ, ಕಾಲು ಮಿಲಿಮೀಟರಿನಷ್ಟು ಇರಬೇಕಾದಲ್ಲಿ 0.05 ಮಿಲಿಮೀಟರಿನ ತೆಳು ಪಟ್ಟಿಯೂ ಬಿಗಿಯಾಗಿ ಹೋಗುತ್ತಿತ್ತು. ಗಾಡಿಯೊಡನೆ ಬಂದ ಇಂಗ್ಲಿಷ್ ಪುಸ್ತಕವನ್ನು ನಾನು ಓದಿ ಹೇಳುತ್ತಿದ್ದೆ. ಇಂತಿಷ್ಟು ಕಿಲೋಮೀಟರಿಗೊಮ್ಮೆ ಈ ಅಂತರವನ್ನು ನೋಡಬೇಕೆಂಬ ಸಾಲು ಅದರ ಸರ್ವಿಸ್ ಕೋಷ್ಟಕದಲ್ಲಿ ಅಚ್ಚಾಗಿಯೇ ಇತ್ತು.

ಅಂತರವನ್ನು ಹೊಂದಿಸಿ, ಗಾಡಿಯನ್ನು ಮತ್ತೆ ಬಿಸಿಮಾಡಿ ಅಳೆದಾಗ ಮೂರನೆಯ ಸಿಲಿಂಡರು 11ಕ್ಕೆ ಬಂದಿತು. ನಡುಕ ನಿಂತಿತು. ತೆಗೆದುಕೊಂಡದ್ದು ಎರಡು ದಿನದ ಕೂಲಿ ಮತ್ತು ಒಂದು ಗ್ಯಾಸ್ಕೆಟ್ಟಿನ ಬೆಲೆ. ಆದರೆ ಮೇಸ್ತ್ರಿಯವರು ಹಣ ಎಣಿಸುವ ಮುನ್ನ ಕಾಕಾ ಅವರಿಗೆ ಸತ್ಯವನ್ನೇ ಹೇಳಿದರು: “ಸೀಟ್ ಸವದೈತ್ರಿ ಯಜಮಾನ್ರ. ಈಗ ಮುಚ್ಚತೈತಿ, ಮುಂದ ಎಂದರ ಹೆಡ್ ಇಳಸೂದು ತಪ್ಪೂದಿಲ್ಲ. ಅಲ್ಲಿತನಕಾ ಗ್ಯಾಪ್ ನೋಡಸ್ಕೋತ ಇರ್ರಿ.” ಇನ್ನು ಕೆಲವು ತಿಂಗಳು ಹಾಗೆಯೇ ಓಡಿಸಿದ್ದರೆ ಹೆಚ್ಚಿನ ಅನಾಹುತವಾಗುತ್ತಿತ್ತು. ವಾಲ್ವು ತನ್ನ ಕಾವಿನ ಬಹುಪಾಲನ್ನು ಸೀಟಿನ ಮೇಲೆ ಕುಳಿತ ಗಳಿಗೆಯಲ್ಲಿಯೇ ಕಳೆದುಕೊಳ್ಳುತ್ತದೆ. ಕೂರಲಾಗದ ವಾಲ್ವು ಅಂಚಿನಲ್ಲಿ ಸುಟ್ಟುಹೋಗುತ್ತದೆ. ಉರಿಯದ ಇಂಧನ ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅಲ್ಲಿ ಉರಿದು ಅದನ್ನೂ ಕರಗಿಸಬಲ್ಲದು. ಮುಂದೆ ಹೆಡ್ ಇಳಿಸಬೇಕಾಗುವ ದಿನಕ್ಕೆಂದು ಕಾಕಾ ಈಗ ತಿಂಗಳಿಗಿಷ್ಟೆಂದು ಎತ್ತಿಡುತ್ತಿದ್ದಾರೆ. ಗಾಡಿ ಮಾರುವ ಮಾತು ನಿಂತಿದೆ.

ನಮ್ಮ ಓದುಗ ಬಂಧುಗಳಲ್ಲಿ ಅನೇಕರು ವಾಹನವನ್ನೇ ನೆಚ್ಚಿ ಬದುಕುವವರು. ಅವರಿಗಾಗಿ ಒಂದೆರಡು ಮಾತು. ಎಲ್ಲ ಮಿಸ್ಸಿಂಗಿನ ಕಾರಣವೂ ವಾಲ್ವಲ್ಲ. ಮಳೆ ಬಂದಾಗ, ಗಾಡಿ ತೊಳೆದಾಗ ಮಾತ್ರ ಬರುವುದಾದರೆ ಕಾಯಿಲ್ ಅಥವಾ ವೈರಿನ ಹೊದಿಕೆಯಲ್ಲಿ ಬಿರುಕಿರಬಹುದು. ಭಾರ ಹೊತ್ತು ಏರು ಹತ್ತುವಾಗ ಮಾತ್ರ ಬರುವುದಾದರೆ ಕಿಡಿ ದುರ್ಬಲವಾಗಿರಬಹುದು, ಇಂಧನದ ಒತ್ತಡ ಸಾಲದಿರಬಹುದು. ಗ್ಯಾಸಿನಲ್ಲಿ ಮಾತ್ರ ಬಂದು ಪೆಟ್ರೋಲಿನಲ್ಲಿ ನಿಲ್ಲುವುದಾದರೆ ಗ್ಯಾಸಿನ ಫಿಲ್ಟರ್, ರೆಗ್ಯುಲೇಟರ್, ಇಂಜೆಕ್ಟರುಗಳನ್ನೂ, ಅವುಗಳೊಡನೆ ಪ್ಲಗ್ಗುಗಳನ್ನೂ ನೋಡಿಸಬೇಕು. ಡ್ಯಾಶ್‌ಬೋರ್ಡಿನ ಎಂಜಿನ್ ದೀಪವು ಸ್ಥಿರವಾಗಿ ಉರಿಯದೆ ಮಿನುಗತೊಡಗಿದರೆ ಭಾರ ಹೊತ್ತು ಮುಂದುವರಿಯಬಾರದು. ಕನ್ವರ್ಟರಿಗೆ ಅಪಾಯವಿದೆಯೆಂಬ ಸೂಚನೆ ಅದು.

ಆದ್ದರಿಂದ ಗ್ಯಾರೇಜಿಗೆ ಹೋಗುವ ಮುನ್ನ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ನಿಂತಾಗಲೋ ಓಡುವಾಗಲೋ, ಬರಿಗಾಡಿಯಲ್ಲೋ ಭಾರ ತುಂಬಿದಾಗಲೋ, ಯಾವ ಇಂಧನದಲ್ಲಿ. ಮೇಸ್ತ್ರಿಯವರು ಕೇಳಿದರೆ ಹೇಳಿ. ಕೇಳದಿದ್ದರೆ, ಅವರು ಪಾನಾ ಕೈಗೆತ್ತಿಕೊಳ್ಳುವ ಮೊದಲು ನೀವೇ ಆ ಚೀಟಿಯನ್ನು ಓದಿ ಹೇಳಿ.